ನಾನ್ನೂರು ಗ್ರಾಂ

"ಐವತ್ತೆರಡು ಕಿಲೋ ನಾನ್ನೂರು ಗ್ರಾಂ" ಎಂದು ಅಧಿಕಾರಿ ಮೈಕಿನಲ್ಲಿ ಓದಿ ಹೇಳಿದಾಗ ಇಡೀ ಹಾಲಿನಲ್ಲಿ ಚಪ್ಪಾಳೆ ತಟ್ಟಿದವಳು ಅಕ್ಕ ಒಬ್ಬಳೇ. ಎರಡು ಮೂರು ಸಲ ತಟ್ಟಿದ ಮೇಲೆ ಜೊತೆಗೆ ಯಾರೂ ಇಲ್ಲವೆಂದು ತಿಳಿದು ಕೈ ಇಳಿಸಿದಳು. ತೂಕದ ಯಂತ್ರದ ಮೇಲೆ ನಿಂತಿದ್ದ ತಂಗಿ ಅವಳನ್ನೇ ನೋಡುತ್ತಿದ್ದಳು. ಪಕ್ಕದಲ್ಲಿದ್ದ, ಅವಳಿಗೆ ಪಟ್ಟು ಹೇಳಿಕೊಡುವ ಮೇಷ್ಟ್ರು ಹಣೆಗೆ ಕೈ ಹಚ್ಚಿ ಅಲ್ಲೇ ಮೆಟ್ಟಿಲಿನ ಮೇಲೆ ಕುಳಿತುಬಿಟ್ಟರು.

"ಮಿತಿ ಐವತ್ತೆರಡು. ನಾನ್ನೂರು ಗ್ರಾಂ ಜಾಸ್ತಿ ಇದೆ," ಎಂದ ಅಧಿಕಾರಿ. "ಇನ್ನೊಂದು ಗಂಟೆ ಟೈಮ್ ಕೊಡ್ತೀವಿ."

"ಅರ್ಧ ಕಿಲೋ ಬಿಡ್ತೀರಲ್ಲ?" ಎಂದಳು ಅಕ್ಕ.

"ಅದು ಮಾಮೂಲಿ ಪಂದ್ಯಕ್ಕಮ್ಮ. ಚಾಂಪಿಯನ್ ಬೆಲ್ಟಿನ ಪಂದ್ಯಕ್ಕೆ ಒಂದು ಗ್ರಾಮೂ ಬಿಡಲ್ಲ."

ಅಕ್ಕನಿಗೆ ಇದು ಗೊತ್ತಿರಲಿಲ್ಲ. ಗೊತ್ತಾಗುವ ದಾರಿಯೂ ಇರಲಿಲ್ಲ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸು ಅವಳು. ಕಡ್ಡಿ ಎಂದು ಊರೆಲ್ಲ ಕರೆಯುವ ತಂಗಿ ಪಂಜರದೊಳಗೆ ಇಳಿದು ಗುದ್ದಾಡಲು ಶುರು ಮಾಡಿದಾಗಿನಿಂದ, ಪ್ರತಿ ಪಂದ್ಯದ ಮುಂಚೆ ಅವಳ ಮೈಯಿಂದ ನೀರು ಇಳಿಸುವ ಕೆಲಸ ಅಕ್ಕನ ಪಾಲಿಗೆ ಬಂದಿತ್ತು. ಬಿಸಿನೀರಿನ ತೊಟ್ಟಿ, ಉಪ್ಪು, ಟವೆಲ್ಲಿನ ಮೇಲೆ ಟವೆಲ್ಲು. ಯಾವ ಬಟ್ಟೆ ಎಷ್ಟು ಹೊತ್ತು ಶಾಖ ಹಿಡಿಯುತ್ತದೆ ಎನ್ನುವುದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇದುವರೆಗಿನ ಪಂದ್ಯಗಳೆಲ್ಲ ಮಾಮೂಲಿ ಪಂದ್ಯಗಳು. ಯಂತ್ರ ಐವತ್ತೆರಡೂವರೆ ತೋರಿಸಿದರೆ ಸಾಕು, ಇಬ್ಬರೂ ಉಸಿರು ಬಿಟ್ಟು ನಗುತ್ತಿದ್ದರು.

ಈ ಬೆಳಗ್ಗೆಯೂ ಹಾಗೇ ಆಗಿತ್ತು. ಮೇಷ್ಟ್ರು ನಿಯಮಗಳ ಸಭೆಗೆಂದು ಕೆಳಗೆ ಹೋಗಿದ್ದರು. ಹೋಟೆಲಿನ ಬಚ್ಚಲಿನಲ್ಲಿ ಕಡ್ಡಿ ಕಣ್ಣು ಗುಳಿ ಬಿದ್ದು, ನಾಲಿಗೆ ಅಂಗುಳಕ್ಕೆ ಅಂಟಿ, ಕೇಳಿದ್ದಕ್ಕೆಲ್ಲ ಹೂಂ ಎನ್ನುವ ಸ್ಥಿತಿಗೆ ಬಂದಿದ್ದಳು. ಅಕ್ಕ ಅವಳನ್ನು ಎತ್ತಿ ಯಂತ್ರದ ಮೇಲೆ ನಿಲ್ಲಿಸಿ, ಬಗ್ಗಿ ನೋಡಿ, "ಸಾಕು, ಆಯ್ತು" ಎಂದಳು. ಎರಡು ಗುಟುಕು ನೀರು ಕುಡಿಸಿದಳು. ಕಡ್ಡಿಗೆ ಲೆಕ್ಕ ಹಾಕುವಷ್ಟು ತಲೆ ಓಡುತ್ತಿರಲಿಲ್ಲ. ಅಕ್ಕ ಆಯ್ತು ಎಂದರೆ ಆಯ್ತು, ಅಷ್ಟೇ.

ತಮಾಷೆಯೆಂದರೆ, ತೂಕದ ವಿಷಯದಲ್ಲಿ ಮೇಷ್ಟ್ರು ಬಾಯಿ ಮುಚ್ಚಿದ ದಿನವೇ ಇರಲಿಲ್ಲ. "ನಮ್ಮ ಕಾಲದಲ್ಲಿ ತೂಕ ನೋಡೋರು ಯಾರು?" ಎಂದು ಶುರು ಮಾಡಿದರೆ ಹುಡುಗಿಯರೆಲ್ಲ ಕೈಗೆ ಪಟ್ಟಿ ಸುತ್ತಿಕೊಳ್ಳುವ ನೆಪದಲ್ಲಿ ಮೂಲೆ ಸೇರುತ್ತಿದ್ದರು. ಆಗ ಅರವತ್ತೈದು ಕಿಲೋದ ಮೇಷ್ಟ್ರನ್ನು ನೂರಾ ಇಪ್ಪತ್ತು ಕಿಲೋದವನ ಜೊತೆ ಒಳಗೆ ಬಿಟ್ಟು ಬಾಗಿಲು ಹಾಕುತ್ತಿದ್ದರಂತೆ. ಅದಕ್ಕೆ ಅವರ ಮುರಿದ ಮೂಗೇ ಸಾಕ್ಷಿ. ಆಮೇಲೆ ಜನ ಛೀ ಥೂ ಎಂದು ಉಗಿದ ಮೇಲೆ ಭಾರದವರು, ಹಗುರದವರು ಎಂದು ಎರಡು ಭಾಗ ಮಾಡಿದರು. ಎರಡರ ನಡುವೆ ಇನ್ನೊಂದು ಬಂತು, ಅದರ ಕೆಳಗೆ ಮತ್ತೊಂದು, ಒಂದೊಂದಕ್ಕೂ ಒಂದೊಂದು ಬೆಲ್ಟು. ಹೆಂಗಸರಿಗೆ ಬಾಗಿಲು ತೆರೆದದ್ದು ಎಷ್ಟೋ ವರ್ಷ ಕಳೆದ ಮೇಲೆ. ಈ ಪಂದ್ಯಗಳನ್ನು ನಡೆಸುವ ಕಂಪನಿಯಲ್ಲಂತೂ ಐವತ್ತೆರಡು ಕಿಲೋದ ವಿಭಾಗ ಎಲ್ಲಕ್ಕಿಂತ ಕೊನೆಗೆ ಬಂದಿತ್ತು. ಈಗ ಆಡುವವರು ಕಡಿಮೆ, ನೋಡುವವರು ಇನ್ನೂ ಕಡಿಮೆ ಎಂದು ಅದನ್ನು ಮುಚ್ಚುತ್ತಿದ್ದರು. ನಾಳೆಯದು ಆ ತೂಕದ ಕೊನೆಯ ಪಂದ್ಯ. ಗೆದ್ದವಳ ಹೆಸರೇ ಚಾಂಪಿಯನ್ನರ ಸಾಲಿನಲ್ಲಿ ಕೊನೆಯದಾಗಿ ಉಳಿಯುತ್ತದೆ. ಮೇಲಿನ ವಿಭಾಗದಲ್ಲಿ ಕಡ್ಡಿಯನ್ನು ಒಂದೇ ಕೈಯಲ್ಲಿ ಎತ್ತಿ ಬಿಸಾಡುವಂಥವರಿದ್ದರು.

ಇಷ್ಟೆಲ್ಲ ಪುರಾಣ ಹೇಳಿದ ಮನುಷ್ಯ ಆ ಅರ್ಧ ಕಿಲೋದ ಮಾತು ಮಾತ್ರ ಎತ್ತಿರಲಿಲ್ಲ. ಅದು ಯಾರಿಗೆ ಗೊತ್ತಿಲ್ಲ ಎಂದುಕೊಂಡಿದ್ದರು.

ಕೊಟ್ಟ ಒಂದು ಗಂಟೆಯಲ್ಲಿ ಅವರು ಮಾಡದ್ದಿಲ್ಲ. ಕಡ್ಡಿಗೆ ಪ್ಲಾಸ್ಟಿಕ್ಕಿನ ಅಂಗಿ ತೊಡಿಸಿ ಓಡಿಸಿದರು, ತೊಟ್ಟಿಯಲ್ಲಿ ಕೂರಿಸಿದರು, ಟವೆಲ್ಲುಗಳಲ್ಲಿ ಸುತ್ತಿ ಮಲಗಿಸಿದರು. ಕಡ್ಡಿ ಬಾಟಲಿಯೊಳಗೆ ಉಗುಳಲು ನೋಡಿದಳು, ಉಗುಳು ಬರಲಿಲ್ಲ. ಬೆವರೂ ನಿಂತುಹೋಗಿತ್ತು. ಅಕ್ಕ ಟವೆಲ್ಲಿನೊಳಗೆ ಕೈ ಹಾಕಿ ನೋಡಿದರೆ ತಂಗಿಯ ಬೆನ್ನು ಕಾದ ಇಸ್ತ್ರಿಪೆಟ್ಟಿಗೆಯಂತೆ ಒಣಗಿ ಸುಡುತ್ತಿತ್ತು. ಅವಳಿಗೆ ನಿಜವಾಗಿಯೂ ಹೆದರಿಕೆಯಾಯಿತು.

"ಬಿಡಮ್ಮ," ಎಂದರು ಮೇಷ್ಟ್ರು. "ಇನ್ನು ಸುಟ್ರೆ ಹುಡುಗೀನೇ ಉಳಿಯಲ್ಲ."

ಎರಡನೇ ಸಲ ಯಂತ್ರ ಐವತ್ತೆರಡು ಕಿಲೋ ನೂರೈವತ್ತು ತೋರಿಸಿತು. ಆದರೂ ಎದುರಾಳಿ, ಸದ್ಯ ಬೆಲ್ಟು ಇಟ್ಟುಕೊಂಡಿದ್ದ ಚಾಂಪಿಯನ್ ಹುಡುಗಿ, ಪಂದ್ಯಕ್ಕೆ ಒಪ್ಪಿದಳು. ಒಪ್ಪದಿರಲು ಅವಳಿಗೆ ಹಕ್ಕಿತ್ತು. ಅಧಿಕಾರಿ ನಿಯಮ ಓದಿದ: ಪಂದ್ಯ ನಡೆಯುತ್ತದೆ, ಆದರೆ ತೂಕ ತಪ್ಪಿದವಳಿಗೆ ಪಟ್ಟದ ಮೇಲೆ ಹಕ್ಕಿಲ್ಲ.

"ಗೆದ್ರೂ?" ಎಂದು ಕೇಳಿದಳು ಅಕ್ಕ.

"ಗೆದ್ರೂ."

ಸಂಜೆ ಹೋಟೆಲಿನ ಕೋಣೆಯಲ್ಲಿ ಕಡ್ಡಿ ಗಂಜಿ ಕುಡಿಯುತ್ತಿದ್ದಳು. ಮೇಷ್ಟ್ರು ಕಿಟಕಿಯ ಹತ್ತಿರ ನಿಂತು, "ಇದನ್ನೊಂದು ಹೇಳೋಕೆ ಏನಾಗಿತ್ತು ನನಗೆ?" ಎಂದು ಮತ್ತೆ ಮತ್ತೆ ಗೊಣಗುತ್ತಿದ್ದರು. ಅಕ್ಕ ಹಸಿ ಟವೆಲ್ಲುಗಳನ್ನು ಹಿಂಡಿ ಹಿಂಡಿ ಹಾಕುತ್ತಿದ್ದಳು. ಹಿಂಡಲು ಏನೂ ಉಳಿಯದಾದಾಗ ತಂಗಿಯ ಎದುರು ಬಂದು ಕುಳಿತಳು.

"ನನ್ನಿಂದ ಹಾಳಾಯ್ತು ಕಣೇ."

"ಹೌದು. ನಿನ್ನಿಂದಾನೇ," ಎಂದಳು ಕಡ್ಡಿ.

ಅಲ್ಲ ಎನ್ನುತ್ತಾಳೆ ಎಂದು ಅಕ್ಕ ಒಳಗೊಳಗೇ ಕಾದಿದ್ದಳು. ಆ ಮಾತು ಅವಳ ಎದೆಗೇ ನಾಟಿತು.

ಕಡ್ಡಿ ಗಂಜಿ ಮುಗಿಸಿ ಬಟ್ಟಲು ಕೆಳಗಿಟ್ಟಳು. "ಏಳು ವರ್ಷ ಅಕ್ಕ. ಇದೊಂದಕ್ಕೇ ಇದ್ದೆ ನಾನು," ಎಂದಳು. ಬಾಯಿ ಒರೆಸಿಕೊಂಡು, "ನಾಳೆ ಬರಲ್ಲ ಅಂತ ಮಾತ್ರ ಅನ್ನಬೇಡ. ನನ್ನ ಮೂಲೇಲಿ ನನ್ನೋರು ಅಂತ ಬೇರೆ ಯಾರಿದಾರೆ?" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಮರುದಿನ ಅಕ್ಕ ಮೇಷ್ಟ್ರ ಜೊತೆ ಪಂಜರದ ಹೊರಗೆ ಕಡ್ಡಿಯ ಮೂಲೆಯಲ್ಲಿ ನಿಂತಳು. ಮೊದಲ ಸುತ್ತಿನಲ್ಲಿ ಕಡ್ಡಿ ಪೆಟ್ಟು ತಿಂದದ್ದೇ ಹೆಚ್ಚು. ಎರಡನೆಯದರಲ್ಲಿ ಹುಬ್ಬು ಒಡೆಯಿತು. ಏನೂ ಸಿಗದ ಪಂದ್ಯದಲ್ಲಿ ಇಷ್ಟೇಕೆ ಒದ್ದಾಡುತ್ತಾಳೆಂದು ಅಕ್ಕನಿಗೆ ತಿಳಿಯಲಿಲ್ಲ. "ಸಾಕು ಬಿಡೇ" ಎನ್ನುವ ಮಾತು ಬಾಯಿಯವರೆಗೆ ಬಂದಿತ್ತು. ನಿನ್ನೆ ಬೆಳಗ್ಗೆಯೂ ಸಾಕು ಎಂದವಳು ತಾನೇ ಎಂದು ನೆನಪಾಗಿ ನುಂಗಿಕೊಂಡಳು. ಮೂರನೇ ಸುತ್ತಿನಲ್ಲಿ ಚಾಂಪಿಯನ್ ಮೇಲೆ ಬಿದ್ದು ಗುದ್ದುತ್ತಿದ್ದಾಗ ಕಡ್ಡಿ ಕೆಳಗಿನಿಂದಲೇ ಅವಳ ಬಲಗೈ ಹಿಡಿದು, ಎರಡು ಕಾಲುಗಳ ನಡುವೆ ಸಿಕ್ಕಿಸಿ, ಸೊಂಟ ಎತ್ತಿದಳು. ಚಾಂಪಿಯನ್ ಬೇಗ ಸೋಲೊಪ್ಪುವವಳಲ್ಲ. ಒಪ್ಪಿ ನೆಲ ತಟ್ಟುವ ಹೊತ್ತಿಗೆ ಅವಳ ಮೊಣಕೈ ಕೀಲು ತಪ್ಪಿತ್ತು.

ರೆಫರಿ ಕಡ್ಡಿಯ ಕೈ ಎತ್ತಿ ಹಿಡಿದ. ನಿರೂಪಕ ಗೆದ್ದವಳ ಹೆಸರು ಕೂಗಿ, ಗಂಟಲು ಸರಿ ಮಾಡಿಕೊಂಡು, ಪಟ್ಟ ಮಾತ್ರ ಸೋತವಳಲ್ಲೇ ಉಳಿಯುತ್ತದೆ ಎಂದು ಸಾರಿದ. ಜನ ನಗಬೇಕೋ ಕೂಗಬೇಕೋ ತಿಳಿಯದೆ ಗುಸುಗುಸು ಮಾಡಿದರು. ಅಧಿಕಾರಿ ಬೆಲ್ಟು ತಂದು ಚಾಂಪಿಯನ್ನಿಗೆ ನೀಡಿದ. ಅವಳು ಎಡಗೈ ಒಂದರಲ್ಲೇ ಅದನ್ನು ಸೊಂಟಕ್ಕೆ ಒತ್ತಿಕೊಂಡಳು. ಹಿಂದಿನ ಗುಂಡಿಗಳು ಕೈಗೆಟುಕದೆ ಬೆಲ್ಟು ಜಾರುತ್ತಿತ್ತು. ಅಧಿಕಾರಿ ಒಂದು ತುದಿ ಹಿಡಿದರೆ ಇನ್ನೊಂದು ಬಿಡುತ್ತಿದ್ದ. ಚಾಂಪಿಯನ್ನಿನ ಮುಖ ಕೆಂಪಾಗಿತ್ತು, ಕಣ್ಣಿನಲ್ಲಿ ನೀರಾಡುತ್ತಿತ್ತು. ನೋವಿಗಿಂತ ನಾಚಿಕೆಯೇ ಹೆಚ್ಚಿದ್ದಂತಿತ್ತು.

ಕಡ್ಡಿ ಹೋಗಿ ಅಧಿಕಾರಿಯನ್ನು ಪಕ್ಕಕ್ಕೆ ಸರಿಸಿದಳು. ಆ ಹುಡುಗಿಯ ಹಿಂದೆ ಮಂಡಿಯೂರಿ ಕುಳಿತು ಎರಡೂ ತುದಿಗಳನ್ನು ಎಳೆದು ಹಿಡಿದಳು. ಅವಳ ಹುಬ್ಬಿನ ರಕ್ತ ಬಿಳಿ ಚರ್ಮದ ಪಟ್ಟಿಯ ಮೇಲೆ ಬಿತ್ತು. ಅದನ್ನು ಹೆಬ್ಬೆರಳಿನಿಂದ ಒರೆಸಿದಳು. ಪಂಜರದ ಸರಳು ಹಿಡಿದು ನಿಂತಿದ್ದ ಅಕ್ಕನಿಗೆ ಅಳು ಒತ್ತರಿಸಿ ಬಂತು.

"ಬಿಗಿ ಆಯ್ತಾ?" ಎಂದು ಕೇಳಿದಳು ಕಡ್ಡಿ.

"ಇಲ್ಲ," ಎಂದಳು ಆ ಹುಡುಗಿ. "ಸರಿಯಾಗಿದೆ."

ಕಡ್ಡಿ ಗುಂಡಿಗಳನ್ನು ಒಂದೊಂದಾಗಿ ಒತ್ತತೊಡಗಿದಳು.