ಪಕ್ಕದ ಮನೆಗೆ ಹೋದ ಅಕ್ಷರಗಳು

ಬೀಜಾಡಿಯ ಉಪ್ಪುಗಾಳಿಗೆ ಶ್ರೀಲತಾ ಟೀಚರ ಲ್ಯಾಪ್‌ಟಾಪಿನಲ್ಲಿ ಮೊದಲು ‘ಕ’ ಸತ್ತಿತು, ಆಮೇಲೆ ‘ನ’. ಇವೆರಡೂ ಇಲ್ಲದೆ ಕನ್ನಡದಲ್ಲಿ ವಿಜ್ಞಾನದ ಪ್ರಶ್ನೆಪತ್ರಿಕೆ ಮಾಡುವುದು ಆಗುವ ಹೋಗುವ ಮಾತಲ್ಲ. ಕೋಟೇಶ್ವರದ ಯತೀಶನ ಅಂಗಡಿಗೆ ಹೋಗಿ, ಯಾರೋ ಬಳಸಿ ಕೊಟ್ಟಿದ್ದ ಬ್ಲೂಟೂತ್ ಕೀಬೋರ್ಡ್ ತಂದರು. ಹಳೆಯ ಯಂತ್ರಕ್ಕೆ ಹಗುರ ಎಂದು ಅವರ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಟ್ಟವನೂ ಅವನೇ.

ಕೀಬೋರ್ಡಿನ ದೀಪ ಹತ್ತಿತು. ಲ್ಯಾಪ್‌ಟಾಪಿಗೆ ಮಾತ್ರ ಅದು ಕಾಣಲಿಲ್ಲ. ಫೋನಿನಲ್ಲಿ ಹುಡುಕಿದಾಗ, ಯಾವುದೋ ದೇಶದವನೊಬ್ಬ ಬ್ಲೂಟೂತ್ ಸೇವೆಯನ್ನು ನಿಲ್ಲಿಸಿ ಮತ್ತೆ ಶುರುಮಾಡಿ ಎಂದು ಬರೆದಿದ್ದ. ಮಾಡಿದರು. ಇನ್ನೊಬ್ಬ, ಅದು ತಪ್ಪು ಎಂದಿದ್ದ. ಅವನು ಹೇಳಿದ್ದನ್ನೂ ಮಾಡಿದರು. ಯತೀಶನಿಗೆ ಫೋನ್ ಮಾಡಿದರು.

“ದೀಪ ಮಿಣುಕುತ್ತಾ, ಸಮಾ ಉರಿತಾ?”

“ಸಮಾ ಉರಿತಿತ್ತ್.”

“ಹಾಂಗಾರೆ ಅದ್ ಎಲ್ಲಿಗೋ ಸೇರ್ಕಂಡಿತ್ತ್ ಟೀಚ್ರೇ. ನಿಮ್ದಕ್ಕೆ ಅಲ್ಲ ಅಷ್ಟೇ.”

ಎಲ್ಲಿಗೆ ಎಂದು ಅವನಿಗೂ ತಿಳಿಯಲಿಲ್ಲ. ಟೀಚರು ಸಿಟ್ಟಿನಲ್ಲಿ ಆ ಕೀಬೋರ್ಡಿನಲ್ಲೇ ಸುಮ್ಮನೆ ಒತ್ತಿದರು: ಬಾ. ಪರದೆ ಖಾಲಿ. ಮತ್ತೆ ಒತ್ತಿದರು: ಬಾ ಮಾರಾಯ. ಆಮೇಲೆ: ಎಷ್ಟು ಕರೆಯುವುದು ನಿನ್ನ.

ಸ್ವಲ್ಪ ಹೊತ್ತಿಗೆ ಗೇಟು ಸದ್ದಾಯಿತು. ಪಕ್ಕದ ಮನೆಯ ಚಂದಯ್ಯ, ಒಣಮೀನಿನ ವ್ಯಾಪಾರಿ, ಅಂಗಿಯ ಗುಂಡಿ ಹಾಕಿಕೊಳ್ಳುತ್ತ ನಿಂತಿದ್ದರು. ಅವರ ತೆಂಗಿನ ಮಡಲು ಬಿದ್ದು ಟೀಚರ ಹಂಚು ಒಡೆದ ಮಳೆಗಾಲದಿಂದ ಎರಡೂ ಮನೆಗಳ ನಡುವೆ ಮಾತಿರಲಿಲ್ಲ.

“ಕರದ್ರಲೆ, ಬಂದೆ,” ಎಂದರು ಚಂದಯ್ಯ.

“ನಾನಾ? ಯಾವಾಗ?”

“ಟಿವಿಲಿ. ನಮ್ಮನಿಯವ್ಳ್ ಸರಸ, ಭಜನೆ ಹುಡ್ಕುಕೆ ಅಂದೇಳಿ ಕೂತಿದ್ಲ್. ಬಾ ಅಂತ್ ಬಂತ್. ಆಮೇಲೆ ಬಾ ಮಾರಾಯ ಅಂತ್ ಬಂತ್, ಇಂಗ್ಲಿಷ್ ಅಕ್ಷರದಗೆ. ಇದ್ ನಮ್ಮ್ ಹಳೇ ಕೀಬೋರ್ಡ್, ಯತೀಶ ಟೀಚ್ರಿಗ್ ಕೊಟ್ಟಿರ್ಕ್ ಅಂದ್ಲ್ ನಮ್ಮ್ ಮಗ್ಳ್ ಚಂದನಾ. ಮೂರ್ ಸರ್ತಿ ಕರದ್ ಮೇಲೆ ಬಾರ್ದೇ ಇದ್ರೆ ಲಾಯ್ಕಲ್ಲ.”

ಕರೆದದ್ದು ಅವರನ್ನಲ್ಲ ಎಂದು ಹೇಳಲು ಟೀಚರು ಬಾಯಿ ತೆರೆದರು. ಅಂಗಿ ಹಾಕಿಕೊಂಡು ಬಂದವರಿಗೆ ಅದನ್ನು ಹೇಳುವುದು ಹೇಗೆ? “ಒಳಗ್ ಬನ್ನಿ,” ಎಂದರು.

ಯತೀಶನನ್ನು ಮತ್ತೆ ಕೇಳಿದಾಗ, ಮೊದಲು ಟಿವಿ ಆ ಕೀಬೋರ್ಡನ್ನು ಮರೆಯಬೇಕು ಎಂದ. ಚಂದಯ್ಯ ಕಿಟಕಿಯಿಂದಲೇ ಕೂಗಿದರು:

“ಹ್ವಾಯ್ ಸರಸಾ! ಟಿವಿಗೆ ಮರೂಕ್ ಹೇಳ್!”

“ಎಂತ ಮರೂದ್?”

“ಕೀಬೋರ್ಡ್!”

ಅಲ್ಲಿ ಚಂದನಾ ರಿಮೋಟ್ ಒತ್ತಿದಳು. “ಮರ್ತತ್ ಅಂಬ್ರ್!” ಎಂದು ಸರಸ ಕೂಗಿದರು. ಕೀಬೋರ್ಡಿನ ದೀಪ ಮಿಣುಕತೊಡಗಿತು. ಈಗ ಲ್ಯಾಪ್‌ಟಾಪಿಗೂ ಅದು ಕಂಡಿತು. ಟೀಚರು ಮೌಸಿನಿಂದ ಜೋಡಿಸಿದರು. ಇದನ್ನು ನಂಬುತ್ತೀರಾ ಎಂದು ಲಿನಕ್ಸ್ ಕೇಳಿದ್ದಕ್ಕೆ ಹೌದು ಎಂದರು. ‘ಕ’ ಬಂತು. ‘ನ’ ಬಂತು.

ಚಂದಯ್ಯ ಚಾ ಕುಡಿದರೂ ಏಳಲಿಲ್ಲ. ಕೈಬರಹದ ಹಾಳೆ ಹಿಡಿದು ಪ್ರಶ್ನೆ ಓದಿ ಹೇಳತೊಡಗಿದರು. ಟೀಚರು ಒತ್ತುತ್ತ ಹೋದರು. ಆವಿಯಾಗುವಿಕೆಯ ಪ್ರಶ್ನೆ ಬಂದಾಗ ಓದುವುದು ನಿಂತಿತು.

“ಇದ್ ಮೀನ್ ಒಣ್ಸೂದೇ ಅಲ್ದಾ?”

“ಹೌದ್, ಅದೇ.”

“ಮಾರ್ಕ್ ಎಷ್ಟ್?”

“ಎರಡ್.”

ಚಂದಯ್ಯ ಹಾಳೆಯನ್ನು ದೂರ ಹಿಡಿದು ನೋಡಿದರು. “ಕಮ್ಮಿ ಆಯ್ತ್,” ಎಂದರು.

ಟೀಚರು ಯೋಚಿಸಿ ಮೂರು ಮಾಡಿದರು. ಆ ಒಂದು ಅಂಕವನ್ನು ಕಪ್ಪೆಯ ಹೃದಯದ ಚಿತ್ರದಿಂದ ಕಳೆದರು.