ಯಾವ ಗಡಿಯಾರ ನೋಡಿದಿರಿ?

ಗಡಿಯಾರ ರಿಪೇರಿ ಅಂಗಡಿಗೆ ಹೋಗಿ ಟೈಮ್ ಎಷ್ಟು ಎಂದು ಕೇಳಬಾರದು. ಗೋಡೆಯ ಮೇಲೆ ಒಂದೊಂದು ಗಡಿಯಾರ ಒಂದೊಂದು ಹೇಳುತ್ತದೆ. ನಮ್ಮ ಬೀದಿಯ ರಿಪೇರಿಯಣ್ಣನನ್ನು ಎಲ್ಲರೂ ಹೀಗೇ ರೇಗಿಸುತ್ತಿದ್ದೆವು.

ಅಣ್ಣನ ಮಗಳಿಗೆ ಆಗಾಗ ಫಿಟ್ಸ್ ಬರುತ್ತಿತ್ತು. ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತಿತ್ತು. ಐದು ನಿಮಿಷವಾದರೂ ನಿಲ್ಲದಿದ್ದರೆ ಮೂಗಿಗೆ ಹೊಡೆಯಲು ಡಾಕ್ಟರು ಒಂದು ಸ್ಪ್ರೇ ಬರೆದುಕೊಟ್ಟಿದ್ದರು. ಅಣ್ಣನಿಗೆ ಅದನ್ನು ಕಂಡರೇ ಭಯ. ಡ್ರಾಯರಿನಲ್ಲಿ ಸ್ಪ್ರಿಂಗು, ಸ್ಕ್ರೂಗಳ ಹಿಂದೆ ತಳ್ಳಿಬಿಟ್ಟಿದ್ದರು.

ಆ ದಿನ ಹುಡುಗಿ ಅಂಗಡಿಯಲ್ಲೇ ಬಿದ್ದಳು. ಕೈಕಾಲು ಸೆಟೆದು ಅದುರತೊಡಗಿದವು. ಅಣ್ಣ ಹಿಂದಿನ ಬೀದಿಯ ನರ್ಸಕ್ಕನಿಗೆ ಫೋನ್ ಮಾಡಿದರು. ಆಕೆ ಓಡಿಬಂದಾಗ ಅಣ್ಣ ಮಗಳ ಹಲ್ಲಿನ ನಡುವೆ ಸ್ಕ್ರೂಡ್ರೈವರಿನ ಹಿಡಿ ತುರುಕಲು ಹೊರಟಿದ್ದರು.

"ಬಾಯಿಗೆ ಏನೂ ಹಾಕ್ಬೇಡಿ ಅಣ್ಣ. ಒತ್ತಿ ಹಿಡೀಲೂಬೇಡಿ."

ಅಕ್ಕ ಹುಡುಗಿಯನ್ನು ಒಂದು ಮಗ್ಗುಲಿಗೆ ತಿರುಗಿಸಿ, ತಲೆಯಡಿಗೆ ತನ್ನ ಸ್ವೆಟರ್ ಮಡಿಸಿಟ್ಟರು. "ಶುರುವಾಗಿ ಎಷ್ಟೊತ್ತಾಯ್ತು?"

ಅಣ್ಣ ಎದುರಿನ ದೊಡ್ಡ ಗಡಿಯಾರ ನೋಡಿದರು. "ಮೂರು ನಿಮಿಷ. ಇನ್ನೂ ಟೈಮಿದೆ."

"ಸ್ಪ್ರೇ ಎಲ್ಲಿ?"

"ಅದು ಬೇಡಮ್ಮ. ಮಂಪರು ಬರೋ ಔಷಧಿ. ಮಗು ಏಳದೇ ಹೋದ್ರೆ? ಯಾವಾಗ್ಲೂ ತಾನಾಗೇ ನಿಲ್ಲುತ್ತಲ್ಲ."

ಅಕ್ಕ ಗೋಡೆಯತ್ತ ಕಣ್ಣುಹಾಯಿಸಿದರು. "ಅಣ್ಣ, ಆ ಗಡಿಯಾರ ನಡೀತಿದೆಯಾ?"

ಅಣ್ಣನ ಮುಖ ಬಿಳಿಚಿತು. ಅದು ಬೆಳಿಗ್ಗೆಯಷ್ಟೇ ರಿಪೇರಿಗೆ ಬಂದದ್ದು. ನಿಂತು ನಿಂತು ಓಡುವುದೇ ಅದರ ರೋಗ.

ಅಕ್ಕ ಮೊಬೈಲ್ ನೋಡಿದರು. "ನೀವು ಫೋನ್ ಮಾಡಿಯೇ ಆರು ನಿಮಿಷ ಆಗಿದೆ. ಇನ್ನು ಕಾಯೋ ಹಾಗಿಲ್ಲ. ತಡ ಆದಷ್ಟೂ ನಿಲ್ಲಿಸೋದು ಕಷ್ಟ, ಮಿದುಳಿಗೂ ಅಪಾಯ. ಔಷಧಿಗೆ ಹೆದರ್ಬೇಡಿ, ತಡಕ್ಕೆ ಹೆದರಿ."

ಅಣ್ಣ ಡ್ರಾಯರನ್ನೇ ನೆಲಕ್ಕೆ ಸುರಿದು ಸ್ಪ್ರೇ ಹುಡುಕಿ ಕೊಟ್ಟರು, ಆಂಬುಲೆನ್ಸಿಗೆ ಫೋನ್ ಮಾಡಿದರು. ಅಕ್ಕ ಡಾಕ್ಟರು ಬರೆದಿದ್ದಷ್ಟನ್ನೇ ಮೂಗಿಗೆ ಹೊಡೆದರು. ಸ್ವಲ್ಪ ಹೊತ್ತಿಗೆ ಅದುರುವುದು ನಿಂತಿತು. ಆಂಬುಲೆನ್ಸ್ ಬರುವ ತನಕ ಅಕ್ಕ ಹುಡುಗಿಯ ಉಸಿರನ್ನೇ ನೋಡುತ್ತ ಕೂತರು.

ಸಂಜೆ ಆಸ್ಪತ್ರೆಯಲ್ಲಿ ಮಗಳು ಕಣ್ಣು ಬಿಟ್ಟು, "ಅಪ್ಪ, ಟೈಮ್ ಎಷ್ಟು?" ಎಂದಳು. ಅಣ್ಣ ಅತ್ತುಬಿಟ್ಟರು.

ಈಗ ಅಂಗಡಿಯಲ್ಲಿ ಒಂದು ಗಡಿಯಾರವಂತೂ ಸರಿಯಾದ ಟೈಮ್ ತೋರಿಸುತ್ತದೆ. ಎಷ್ಟು ಕೊಟ್ಟರೂ ಅಣ್ಣ ಅದನ್ನು ಮಾರುವುದಿಲ್ಲ. ಸ್ಪ್ರೇ ಅದರ ಕೆಳಗಿನ ಗೂಡಿನಲ್ಲಿ, ಎಲ್ಲರ ಕಣ್ಣಿಗೆ ಬೀಳುವಂತೆ ಇದೆ.

ನಿಮ್ಮ ಮನೆಯಲ್ಲೂ ಫಿಟ್ಸ್ ಬರುವವರಿದ್ದಾರೆಯೇ? ಶುರುವಾದ ಕೂಡಲೇ ಟೈಮ್ ನೋಡಿ. ಐದು ನಿಮಿಷವಾದರೂ ನಿಲ್ಲದಿದ್ದರೆ, ಅಥವಾ ಎಚ್ಚರವಾಗುವ ಮೊದಲೇ ಮತ್ತೆ ಬಂದರೆ, ಡಾಕ್ಟರು ಬರೆದ ಔಷಧಿಯನ್ನು ಅವರು ಹೇಳಿದಂತೆ ಕೊಡಿ, ಆಂಬುಲೆನ್ಸ್ ಕರೆಯಿರಿ. ಅಂಥ ಔಷಧಿ ಮನೆಯಲ್ಲಿ ಇಲ್ಲದಿದ್ದರೆ ಡಾಕ್ಟರನ್ನು ಇವತ್ತೇ ಕೇಳಿ. ಹಾಗೇ ಒಮ್ಮೆ ತಲೆಯೆತ್ತಿ, ನಿಮ್ಮ ಗೋಡೆಯ ಗಡಿಯಾರ ನಡೆಯುತ್ತಿದೆಯೇ ನೋಡಿಕೊಳ್ಳಿ.