ಪೇಪರಿನಲ್ಲಿ ಬಾರದ ಊರು

ಊರಿನವರು ಅವಳನ್ನು ಗಟ್ಟಿಬಾಯಿ ಟೀಚರ್ ಎಂದೇ ಕರೆಯುತ್ತಿದ್ದರು. ನಿವೃತ್ತಿಯಾದ ಮೇಲೂ ಆ ಬಾಯಿ ತಗ್ಗಿರಲಿಲ್ಲ. ಊರಾಚೆಯ ಜೌಗು ಬಯಲಿಗೆ ಮಣ್ಣು ತುಂಬಿ ಬಡಾವಣೆ ಕಟ್ಟುತ್ತಾರೆಂದು ತಿಳಿದಾಗ ಮೊದಲು ಎದ್ದವಳು ಅವಳೇ. ಮಳೆನೀರೆಲ್ಲ ಹೋಗಿ ಇಂಗುತ್ತಿದ್ದುದು ಅಲ್ಲಿ. ಅದನ್ನು ಮುಚ್ಚಿದರೆ ನೀರು ಹಳೆ ಬೀದಿಗೆ ನುಗ್ಗುತ್ತದೆ ಎಂದು ಮನೆಮನೆಗೆ ಹೋಗಿ ಹೇಳಿದಳು, ಶಾಲೆಯ ಅಂಗಳದಲ್ಲಿ ಸಭೆ ಸೇರಿಸಿದಳು.

ಅವಳಿಗೊಂದು ಧೈರ್ಯವೂ ಇತ್ತು. ಹತ್ತಿರದ ಪೇಟೆಯಲ್ಲಿ ವಾರಪತ್ರಿಕೆ ನಡೆಸುತ್ತಿದ್ದವನು ಅವಳ ಒಡಹುಟ್ಟಿದ ತಮ್ಮ. ಅವನ ಕೈ ಹಿಡಿದು ಅಕ್ಷರ ತಿದ್ದಿಸಿದವಳು ಅವಳೇ.

ಪತ್ರಿಕೆ ಬಂತು, ಸುದ್ದಿ ಬರಲಿಲ್ಲ. ಕೊನೆಯ ಪುಟದ ತುಂಬ ಬಡಾವಣೆಯ ಬಣ್ಣದ ಜಾಹೀರಾತು.

ಅಕ್ಕ ಬಸ್ಸು ಹತ್ತಿ ಅವನ ಕಚೇರಿಗೆ ಬಂದಳು. ಕುರ್ಚಿಯ ಮೇಲಿದ್ದ ಹಳೆ ಪೇಪರ್ ಕಟ್ಟನ್ನು ಕೆಳಗಿಟ್ಟು ಕೂತಳು.

"ಊರಿಗೆ ಊರೇ ಸೇರಿತ್ತು ಕಣೋ. ಒಂದು ಸಾಲೂ ಇಲ್ವಲ್ಲ."

"ಎರಡೂ ಕಡೆಯವರನ್ನ ಕೇಳ್ಬೇಕಲ್ವಾ ಅಕ್ಕಾ. ವಿಚಾರಿಸ್ತಾ ಇದೀನಿ."

"ಕೇಳು, ಬೇಡ ಅಂದೋರ್ಯಾರು? ಬೇಗ ಕೇಳು."

ಅವನು ಯಾರನ್ನೂ ಕೇಳಲಿಲ್ಲ. ಜಾಹೀರಾತು ನಿಂತರೆ ಪತ್ರಿಕೆಯೂ ನಿಲ್ಲುತ್ತದೆ, ಪುಟ ಕಟ್ಟುವ ಇಬ್ಬರ ಅನ್ನವೂ ಹೋಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಹಾವೂ ಸಾಯದ, ಕೋಲೂ ಮುರಿಯದ ವರದಿಯೊಂದನ್ನು ಬರೆಯಲು ಕೂತು, ಹರಿದು ಹಾಕಿದ. ಪೇಟೆಯ ಬೇರೆ ಪತ್ರಿಕೆಗಳೂ ತುಟಿ ಬಿಚ್ಚಲಿಲ್ಲ.

ಬಡಾವಣೆಗೆ ಒಪ್ಪಿಗೆ ಕೊಡುವ ಮುನ್ನ ಅಧಿಕಾರಿ ಊರಿನವರನ್ನು ಕರೆಸಿ ಅಹವಾಲು ಕೇಳಿದ. ತಮ್ಮನೂ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ. ಅಕ್ಕ ಎದ್ದು ನೀರು ಹರಿಯುವ ದಾರಿಯನ್ನೆಲ್ಲ ವಿವರಿಸಿ, ಇದು ಇಡೀ ಊರಿಗೇ ಬೇಡ ಎಂದಳು.

ಅಧಿಕಾರಿ ಮೆತ್ತಗೇ ಹೇಳಿದ, "ಅಮ್ಮಾ, ಅಷ್ಟು ವಿರೋಧ ಇದ್ದಿದ್ರೆ ಯಾವ ಪೇಪರಲ್ಲಾದ್ರೂ ಬರ್ತಿರಲಿಲ್ವಾ? ನಾನೂ ಎಲ್ಲಾ ಓದ್ತೀನಿ."

ಗಟ್ಟಿಬಾಯಿ ಟೀಚರ್ ಏನೋ ಹೇಳಹೋಗಿ ಸುಮ್ಮನಾದಳು. ಊರಿನವರೆಲ್ಲ ಹಿಂದಕ್ಕೆ ತಿರುಗಿ ತಮ್ಮನನ್ನು ನೋಡಿದರು, ಅವಳೊಬ್ಬಳು ತಿರುಗಲಿಲ್ಲ. ತಾನು ಎದ್ದು ನಿಂತು ಒಂದು ಮಾತಾಡಿದರೆ ಸಾಕೆಂದು ಅವನಿಗೆ ಗೊತ್ತಿತ್ತು. ಏಳಲಿಲ್ಲ.

ಒಪ್ಪಿಗೆ ಸಿಕ್ಕ ವಾರ ಅವನು ಊರಿನವರ ವಿರೋಧವನ್ನು ಮೊದಲ ಪುಟದ ತುಂಬ ಬರೆದ. ಜಾಹೀರಾತು ನಿಂತಿತು. ಪತ್ರಿಕೆ ನಿಲ್ಲಲಿಲ್ಲ, ಪುಟ ಕಡಿಮೆಯಾಯಿತು ಅಷ್ಟೇ.

"ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ," ಎಂದು ಊರಿನ ಕ್ಷೌರದಂಗಡಿಯವನು ಅದನ್ನು ಮಡಿಸಿಟ್ಟ. ಅಕ್ಕ ಮಾತ್ರ ಫೋನ್ ಮಾಡಿ, "ಚೆನ್ನಾಗಿ ಬರೆದಿದೀಯ," ಎಂದಳು. ಬೈದಿದ್ದರೆ ಅವನ ಮನಸ್ಸು ಹಗುರಾಗುತ್ತಿತ್ತು.

ಮನೆಗಳೆದ್ದವು. ಮರುವರ್ಷದ ಮಳೆಗೆ ನೀರು ಹಳೆ ಬೀದಿಗೆ ಬಂತು. ಸುದ್ದಿ ತಿಳಿದು ಅವನು ಓಡಿಬಂದಾಗ ಅಕ್ಕ ಮೊಣಕಾಲುದ್ದ ನೀರಿನಲ್ಲಿ, ನಡುಮನೆಯಲ್ಲಿ ನಿಂತಿದ್ದಳು.

"ಅಕ್ಕಾ, ಅವತ್ತು ನಾನು..."

"ಮಂಚದ ಆ ಕಡೆ ಹಿಡ್ಕೊ," ಎಂದಳು.

ಇಬ್ಬರೂ ಮಂಚವನ್ನೆತ್ತಿ ಕಾಲುಗಳಿಗೆ ಇಟ್ಟಿಗೆ ಕೊಟ್ಟರು. ಹಾಸಿಗೆ ಸುತ್ತಿ ಮೇಲಿಟ್ಟರು. ನೆಂದ ದಿನಸಿಯನ್ನು ಬೇರೆ ಮಾಡಿದರು. ಸಂಜೆಯವರೆಗೂ ಅವಳು ಅದನ್ನೆತ್ತು, ಇದನ್ನಿಡು ಎಂದು ಹೇಳುತ್ತಲೇ ಇದ್ದಳು. ಅವನು ಮತ್ತೆ ಬಾಯಿ ತೆರೆಯುವಷ್ಟು ಬಿಡುವನ್ನು ಅವಳು ಕೊಡಲಿಲ್ಲ, ಅವನೂ ಕೇಳಲಿಲ್ಲ.